ನೆರೆಯವರೊಂದಿಗೆ ತಕರಾರು ಇದೆಯೇ?

ರೊವೀನಾ ಥ್ರೆಲ್ಫಾಲ್ ಇಂಗ್ಲೆಂಡಿನ ಕಡಲದಂಡೆಯ ಮೋರ್ಕಮ್ ಊರಿನಲ್ಲಿ ಹದಿನಾರು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು. ಅಷ್ಟೇ ವರ್ಷದಿಂದ ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಳು. ಕೆಳಗೆ ಯಂತ್ರಗಳು ಗಿರಗಿರ ಸುತ್ತತೊಡಗಿದರೆ ಮೇಲೆ ಅವಳ ಚಹಾದ ಕಪ್ಪು ಮೇಜಿನ ಮೇಲೆ ತಾನೇ ತಾನಾಗಿ ನಡೆದು ಅಂಚಿಗೆ ಬಂದು ನಿಲ್ಲುತ್ತಿತ್ತು. ನಲವತ್ನಾಲ್ಕು ತುಂಬಿದ ವರ್ಷ, ಫೆಬ್ರವರಿಯಲ್ಲಿ, ಕರ್ಲ್ಯೂ ರಸ್ತೆಯ ಹದಿನೇಳನೇ ನಂಬರಿನ ಮನೆ ನೋಡಲು ಹೋದಳು. ಜೋಡಿಮನೆ, ಪಕ್ಕದ ಹತ್ತೊಂಬತ್ತನೇ ನಂಬರಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಏಜೆಂಟ್ ಹುಡುಗಿ ಅಡುಗೆಮನೆಯ ಹೊಸ ಸಿಂಕಿನ ಗುಣಗಾನ ಮಾಡುತ್ತಿದ್ದಾಗ ರೊವೀನಾ ನಡುಮನೆಯಲ್ಲಿ ಸುಮ್ಮನೆ ನಿಂತು ಕಿವಿಗೊಟ್ಟಳು. ಏನೂ ಅಲುಗಾಡುತ್ತಿರಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಅವಳು ಹೇಳಿದ ಬೆಲೆಗೆ ಮನೆಯ ಯಜಮಾನ ಮಾರನೆಯ ದಿನವೇ ಒಪ್ಪಿದ. ಬ್ಯಾಂಕೂ ಸಾಲಕ್ಕೆ ಒಪ್ಪಿತು. ಇನ್ನು ವಕೀಲರು ಕಾಗದಪತ್ರ ನೋಡಿ ಮುಗಿಸಿದರೆ ಆಯಿತು, ಈಸ್ಟರ್ ಹೊತ್ತಿಗೆ ಹೊಸ ಮನೆ ಅಂದುಕೊಂಡಳು. ಮನೆ ಕೊಂಡವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ನಕ್ಕುಬಿಡುತ್ತಿದ್ದರು.

ವಕೀಲರನ್ನು ಅವಳು ಫೋನಿನಲ್ಲೇ ಹುಡುಕಿ ಹಿಡಿದಿದ್ದಳು. ಪ್ರೆಸ್ಟನ್ ನಗರದ ಒಂದು ಕಂಪನಿ. ಕಚೇರಿಗೆ ಬರಬೇಕಾದ್ದೇ ಇಲ್ಲ, ಎಲ್ಲವೂ ಫೋನಿನಲ್ಲೇ ಎಂದು ಅವರು ಹೆಮ್ಮೆಯಿಂದ ಬರೆದುಕೊಂಡಿದ್ದರು. ಅವರ ಆಪ್‌ನಲ್ಲಿ ಹನ್ನೊಂದು ಬೊಟ್ಟುಗಳ ಒಂದು ಸಾಲು. ಒಂದೊಂದು ಕೆಲಸ ಮುಗಿದಂತೆ ಒಂದೊಂದು ಬೊಟ್ಟು ಹಸಿರಾಗುತ್ತದೆ. ಮಾರ್ಚ್ ಮುಗಿಯುವುದರೊಳಗೆ ಆರು ಹಸಿರಾದವು. ಏಳನೆಯದು ಹಳದಿಗೆ ತಿರುಗಿದ್ದು, ಹಾಗೆಯೇ ಕೂತಿತು. ಈಸ್ಟರ್ ಬಂತು, ಹೋಯಿತು. ಮೇ ತಿಂಗಳು ಬಂತು. ಹಳದಿ ಹಳದಿಯಾಗಿಯೇ ಇತ್ತು.

ಅವಳು ಫೋನು ಮಾಡಿದಾಗ ಮೊದಲು ಕೀರನ್ ಎಂಬುವನು ಮಾತಾಡಿದ. ಆಮೇಲೆ ಬೆಥನ್ ಎಂಬುವಳು. ಕೀರನ್ ಕೆಲಸ ಬಿಟ್ಟಿದ್ದನಂತೆ. ಬೆಥನ್ ರಜೆಯಲ್ಲಿದ್ದಾಗ ಹೆಸರು ಹೇಳದ ಒಬ್ಬ ಗಂಡಸು. ಮೂವರೂ ಹೇಳಿದ್ದು ಒಂದೇ ಮಾತು: "ಎದುರು ಪಕ್ಷದವರಿಂದ ಉತ್ತರ ಬರ್ಬೇಕು ಮೇಡಂ." ಮನೆ ಕೊಳ್ಳಲು ಹೊರಟವಳಿಗೆ ಎದುರು ಪಕ್ಷ ಅಂತ ಒಂದು ಯಾಕಿರಬೇಕು ಎನ್ನುವುದೇ ರೊವೀನಾಗೆ ತಿಳಿಯಲಿಲ್ಲ. ಅವನು ಮಾರುತ್ತೇನೆ ಅಂದಿದ್ದಾನೆ, ಇವಳು ಕೊಳ್ಳುತ್ತೇನೆ ಅಂದಿದ್ದಾಳೆ. ಜಗಳ ಎಲ್ಲಿಂದ ಬಂತು?

ನಾಲ್ಕನೆಯವಳಾಗಿ ಟ್ಯಾಮ್ಸಿನ್ ಸಿಕ್ಕಳು. ಹೇಶಮ್ ಬಂದರಿನ ಕೊನೆಯ ನಿಲ್ದಾಣದಲ್ಲಿ ಬಸ್ಸು ಹನ್ನೆರಡು ನಿಮಿಷ ನಿಲ್ಲುತ್ತಿತ್ತು. ಅಲ್ಲಿ ಖಾಲಿ ಬಸ್ಸಿನಲ್ಲಿ ಕೂತು ರೊವೀನಾ ಫೋನು ಹಚ್ಚಿದ್ದಳು.

"ನಿಜ ಹೇಳ್ಲಾ?" ಎಂದಿತು ಆ ಕಡೆಯ ದನಿ. ತೀರಾ ಚಿಕ್ಕ ವಯಸ್ಸಿನ ದನಿ, ಶೀತವಾದ ಮೂಗು. "ನಿಮ್ಮ ಫೈಲು ನನ್ನ ಕೈಗೆ ಬಂದು ಎರಡು ವಾರ ಆಯ್ತು. ಇಂಥವು ನನ್ನ ಹತ್ರ ನೂರಾ ಮೂವತ್ತು ಇವೆ. ನಿಮ್ಮದ್ರಲ್ಲಿ ಕಾಯ್ತಿರೋದು ಒಂದೇ ಒಂದು ಫಾರಂಗೆ. ಮನೆ ಬಗ್ಗೆ ಮಾರೋರು ತುಂಬಿ ಕೊಡ್ಬೇಕಾದ ಫಾರಂ. ಬೇರೆ ಎಲ್ಲ ಬಂದಿದೆ, ಅದೊಂದು ಬಂದಿಲ್ಲ. ನಾನೇ ನಾಲ್ಕು ಸಲ ಕೇಳಿದೀನಿ."

"ಯಾರನ್ನ ಕೇಳಿದ್ದು?"

"ಅವರ ವಕೀಲರನ್ನ. ನಿಮ್ಮ ಊರಿನೋರೇ. ಆರ್ಮರಾಡ್ ಅಂತ. ಈಮೇಲ್ ಕಳಿಸಿದ್ರೆ ಟಪಾಲಲ್ಲಿ ಉತ್ತರ ಬರುತ್ತೆ."

ರೊವೀನಾ ಫೋನಿಟ್ಟು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡಳು. ಆರ್ಮರಾಡ್ ಸಾಹೇಬರನ್ನು ಅವಳು ಬಲ್ಲಳು. ಬೆಳಿಗ್ಗೆ ಎಂಟೂ ಇಪ್ಪತ್ತರ ಬಸ್ಸಿಗೆ ಸರ್ಜ್ ಬಟ್ಟೆಯ ಕೋಟು ತೊಟ್ಟು, ಚರ್ಮದ ಚೀಲ ಹಿಡಿದು, ಬಾಯಲ್ಲಿ ಗಂಟಲಿನ ಪೆಪ್ಪರ್‌ಮಿಂಟು ಚೀಪುತ್ತಾ ಹತ್ತಿ, "ಶುಭೋದಯ, ಕ್ಯಾಪ್ಟನ್" ಅನ್ನುವ ಮುದುಕರು ಅವರೇ. ಉಣ್ಣೆದಾರದ ಅಂಗಡಿಯ ಮೇಲೆ ಅವರ ಕಚೇರಿ. ಎಂಟು ವರ್ಷದಿಂದ ಅವಳು ಅವರನ್ನು ಕಚೇರಿಯ ಬಾಗಿಲಿಗೇ ತಂದು ಇಳಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅವರು ಹತ್ತಿದೊಡನೆ ಅವಳು ಕೇಳಿಯೇಬಿಟ್ಟಳು. "ಸರ್, ಕರ್ಲ್ಯೂ ರಸ್ತೆ ಹದಿನೇಳು. ಅದನ್ನ ತಗೊಳ್ತಿರೋಳು ನಾನೇ."

ಆರ್ಮರಾಡ್ ಸಾಹೇಬರ ಬಾಯಲ್ಲಿದ್ದ ಪೆಪ್ಪರ್‌ಮಿಂಟು ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೋಯಿತು. "ಅಯ್ಯೋ," ಎಂದರು. "ಹಾಗಾದ್ರೆ ನಾನು ನಿಮಗೆ ಎದುರು ಪಕ್ಷ."

"ಒಂದು ಫಾರಂ ಅಷ್ಟೇ ಅಲ್ವಾ ಸರ್?"

"ನಾನು ಮಾತಾಡೋ ಹಾಗಿಲ್ಲಮ್ಮ. ನಿಮಗೆ ನಿಮ್ಮ ವಕೀಲರಿದ್ದಾರೆ. ನನ್ನ ಕಕ್ಷಿದಾರನ ವಿಷಯ ನಾನು ಅವರ ಹತ್ರ ಮಾತಾಡ್ಬೇಕು, ಅವರು ನಿಮ್ಮ ಹತ್ರ ಮಾತಾಡ್ಬೇಕು."

"ಅವರು ನಿಮ್ಮನ್ನ ನಾಲ್ಕು ಸಲ ಕೇಳಿದ್ರೂ ನೀವು ಫಾರಂ ಕೊಟ್ಟಿಲ್ವಂತೆ."

"ಬಸ್ಸು ಹೊರಡೋ ಹೊತ್ತಾಯ್ತು ಅನ್ಸುತ್ತೆ," ಎಂದು ಅವರು ಹಿಂದೆ ಹೋಗಿ ಕೂತರು. ಎಂಟು ವರ್ಷದಲ್ಲಿ ಮೊದಲ ಸಲ ಮುಂದಿನ ಸೀಟು ಬಿಟ್ಟು ಕಟ್ಟಕಡೆಯ ಸೀಟಿನಲ್ಲಿ. ಮರುದಿನವೂ ಹಾಗೆಯೇ. ಗುರುವಾರ ಬಸ್ಸಿಗೇ ಬರಲಿಲ್ಲ. ಸಮುದ್ರದ ದಂಡೆಯ ಹಾದಿಯಲ್ಲಿ ಚೀಲ ಬೀಸುತ್ತಾ ನಡೆದು ಹೋಗುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಅವಳು ಹಾರ್ನ್ ಹೊಡೆದಳು. ಅವರು ಟೋಪಿ ಎತ್ತಿದರು, ಮುಖ ಮಾತ್ರ ಸಮುದ್ರದ ಕಡೆಗೆ ತಿರುಗಿಸಿಕೊಂಡರು.

ಶುಕ್ರವಾರ ಗಾಳಿ ಜೋರಾಗಿತ್ತು, ನಡೆಯುವ ಹಾಗಿರಲಿಲ್ಲ. ಸಾಹೇಬರು ಬಸ್ಸು ಹತ್ತಿದರು. ಇಳಿಯುವಾಗ ಬಾಗಿಲ ಬಳಿ ಒಂದು ಕ್ಷಣ ನಿಂತು, ಟಿಕೇಟು ಯಂತ್ರದ ಜೊತೆ ಮಾತಾಡುವವರಂತೆ ಹೇಳಿದರು: "ನನ್ನ ಹೆಂಡತಿ ಒಂದು ಮನೆ ತಗೊಂಡಾಗ ಮೊದಲೇ ಹೋಗಿ ಪರದೆಗೆ ಅಳತೆ ತಗೊಂಡು ಬಂದ್ಲು. ಕೊಳ್ಳೋರು ಮಾರೋರ ಮನೆಗೆ ಅಳತೆ ತಗೊಳ್ಳೋಕೆ ಹೋಗ್ಬಾರ್ದು ಅಂತ ಯಾವ ಕಾನೂನಲ್ಲೂ ಇಲ್ಲ."

ಅಂದೇ ಮಧ್ಯಾಹ್ನ, ಪಾಳಿ ಮುಗಿಸಿ, ಅಳತೆ ಟೇಪು ಹಿಡಿದುಕೊಂಡು ರೊವೀನಾ ಕರ್ಲ್ಯೂ ರಸ್ತೆಗೆ ಹೋದಳು.

ಬಾಗಿಲು ತೆರೆದವನು ಕ್ಲಿಫರ್ಡ್ ಗೋರ್ಸ್ಟ್. ಎಪ್ಪತ್ನಾಲ್ಕು ವಯಸ್ಸು, ರೈಲ್ವೆಯಲ್ಲಿ ಸಿಗ್ನಲ್ ಕೊಡುವ ಕೆಲಸದಲ್ಲಿದ್ದು ನಿವೃತ್ತನಾದವನು. ನೆಟ್ಟಗಿನ ಬೆನ್ನು, ಹೊಳೆಯುವ ಬೂಟು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಈಗ ಕೆಂಡಲ್ ಊರಿನ ಡೋರೀನ್ ಎಂಬಾಕೆಯನ್ನು ಮದುವೆಯಾಗಲಿದ್ದ. ಬಾಲ್‌ರೂಮ್ ನೃತ್ಯದ ತರಗತಿಯಲ್ಲಿ ಜೊತೆಯಾದವಳು. ಮನೆಯಲ್ಲಿ ಪೆಟ್ಟಿಗೆಗಳೆಲ್ಲ ಕಟ್ಟಿ ಮುಗಿದಿದ್ದವು. ಚಹಾಕ್ಕೆ ಎರಡು ಕಪ್ಪುಗಳನ್ನಷ್ಟೇ ಹೊರಗೆ ಇಟ್ಟುಕೊಂಡಿದ್ದ.

"ಪರದೆ ಅಳತೇನಾ? ಅಳ್ಕೊಳಮ್ಮ, ಅಳ್ಕೋ," ಎಂದ. ಅವಳು ಒಂದು ಕಿಟಕಿಯನ್ನು ಲಕ್ಷಣವಾಗಿ ಅಳೆದಳು. ಎರಡನೆಯದಕ್ಕೆ ತಾಳ್ಮೆ ಉಳಿಯಲಿಲ್ಲ.

"ಗೋರ್ಸ್ಟ್ ಅವ್ರೇ, ನಿಮಗೆ ಮಾರೋ ಮನಸ್ಸಿಲ್ವಾ? ಇಲ್ಲ ಅಂದ್ರೆ ಇಲ್ಲ ಅಂದ್ಬಿಡಿ. ನಾನೇನೂ ಬೇಜಾರು ಮಾಡ್ಕೊಳಲ್ಲ. ಅಲ್ಲ, ಮಾಡ್ಕೊಳ್ತೀನಿ. ಆದ್ರೂ ಹೇಳಿ."

ಕ್ಲಿಫರ್ಡ್ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯ ಅಡಿಯಿಂದ ಒಂದು ಫಾರಂ ತಂದು ಅವಳ ಮುಂದಿಟ್ಟ. ಹದಿನಾರು ಪುಟ. ಬಾಯ್ಲರು, ಚರಂಡಿ, ಛಾವಣಿ, ಎಲ್ಲಕ್ಕೂ ದುಂಡಗಿನ ಅಕ್ಷರದಲ್ಲಿ ಉತ್ತರ ತುಂಬಿತ್ತು. ಎರಡನೇ ಪ್ರಶ್ನೆಯ ಬಳಿ ಮಾತ್ರ ಕಾಗದ ತೆಳ್ಳಗಾಗಿ ಹಿಂದಿನ ಪುಟ ಕಾಣುತ್ತಿತ್ತು. ಪೆನ್ಸಿಲಿನಿಂದ ಬರೆದು ಅಳಿಸಿ, ಮತ್ತೆ ಬರೆದು ಮತ್ತೆ ಅಳಿಸಿ ಆ ಗತಿಯಾಗಿತ್ತು. ನೆರೆಯವರೊಂದಿಗೆ ಯಾವುದಾದರೂ ತಕರಾರು ಇದೆಯೇ, ಅಥವಾ ಹಿಂದೆ ಇತ್ತೇ?

"ಇಲ್ಲ ಅಂತ ಬರೆದ್ರೆ ಸುಳ್ಳು," ಎಂದ ಕ್ಲಿಫರ್ಡ್. "ಮೂವತ್ತೆಂಟು ವರ್ಷ ಸಿಗ್ನಲ್ ಕೊಟ್ಟೋನು ನಾನು. ಕೆಂಪಿದ್ದಾಗ ಹಸಿರು ಅಂತ ಒಂದು ಸಲಾನೂ ತೋರಿಸಿಲ್ಲ. ಹೌದು ಅಂತ ಬರೆದ್ರೆ ನಿಮ್ಮ ವಕೀಲ್ರು ನಿಮಗೆ ಓಡಿ ಹೋಗಿ ಅಂತಾರೆ. ಮನೆ ಮಾರಾಟ ಆಗದಿದ್ರೆ ಡೋರೀನು ನನಗೆ ಓಡಿ ಹೋಗು ಅಂತಾಳೆ."

"ಯಾರ ಜೊತೆ ತಕರಾರು?"

ಅವನು ಹೆಬ್ಬೆರಳಿನಿಂದ ನಡುಗೋಡೆಯ ಕಡೆ ತೋರಿಸಿದ. "ಐಲೀನ್ ಬ್ಲೀಸ್‌ಡೇಲ್. ಹನ್ನೊಂದು ವರ್ಷದಿಂದ ಮಾತಿಲ್ಲ."

ಕಥೆ ಇಷ್ಟೇ. ಹಿತ್ತಲಲ್ಲಿ ಎರಡೂ ಮನೆಗಳ ನಡುವೆ ಎದೆಯೆತ್ತರದ ಗಾರೆ ಗೋಡೆ. ಐಲೀನಳ ಗಂಡ ನೆವಿಲ್ ತೀರಿಕೊಂಡ ಮರುವರ್ಷ ಅವಳು ಮಗಳ ಮನೆಗೆಂದು ಕೆನಡಾಕ್ಕೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಗೋಡೆ ಚೆಂದ ಕಾಣಲಿ ಎಂದು ಕ್ಲಿಫರ್ಡ್ ಎರಡೂ ಕಡೆ ನೀಲಿ ಬಣ್ಣ ಹಚ್ಚಿದ. ಅವಳು ಬಂದವಳೇ ನೋಡಿ, ಚೀಲ ಕೂಡ ಒಳಗಿಡದೆ ಕೂಗಾಡಿದಳು. ಇವನಿಗೂ ಸಿಟ್ಟು ಬಂತು. ಗೋಡೆ ನನ್ನದು, ನನ್ನಿಷ್ಟ ಅಂದ. ಅವಳು ಪುರಸಭೆಗೆ ದೂರು ಬರೆದಳು. ಇದು ನಮಗೆ ಸಂಬಂಧಪಟ್ಟದ್ದಲ್ಲ ಎಂದು ಪುರಸಭೆಯವರು ಇಬ್ಬರಿಗೂ ಒಂದೊಂದು ಪತ್ರ ಹಾಕಿದರು. ಆ ಪತ್ರವನ್ನು ಕ್ಲಿಫರ್ಡ್ ಜೋಪಾನವಾಗಿ ಇಟ್ಟುಕೊಂಡಿದ್ದ. ಪತ್ರ ಇದೆ ಅಂದಮೇಲೆ ತಕರಾರೂ ಇದೆ. ಇಲ್ಲ ಅನ್ನಲು ಅವನ ಕೈ ಏಳುತ್ತಿರಲಿಲ್ಲ.

"ಇಷ್ಟಕ್ಕಾ?" ಎಂದಳು ರೊವೀನಾ. "ನಾನು ಎಲ್ಲೋ ಮನೆ ಕುಸೀತಿದೆ, ಅದನ್ನ ಮುಚ್ಚಿಡ್ತಿದೀರಿ ಅಂದ್ಕೊಂಡಿದ್ದೆ."

"ಮನೆಗೇನೂ ಆಗಿಲ್ಲಮ್ಮ. ಮನೆ ಕಲ್ಲಿನ ಹಾಗಿದೆ."

ಸೋಮವಾರ ಹೇಶಮ್ ನಿಲ್ದಾಣದಿಂದ ಅವಳು ಟ್ಯಾಮ್ಸಿನ್‌ಗೆ ಎಲ್ಲ ಹೇಳಿದಳು. ಆ ಕಡೆ ಸೀನುವ ಸದ್ದು, ಕೀಲಿಮಣೆಯ ಟಕಟಕ. ಆಮೇಲೆ ಟ್ಯಾಮ್ಸಿನ್, "ಹೌದು ಅಂತಾನೇ ಬರೀಲಿ," ಅಂದಳು. "ಖಾಲಿ ಜಾಗ ಕಂಡ್ರೆ ಬ್ಯಾಂಕಿಗೆ ಭಯ. ಬರೆದಿದ್ರೆ ಅಷ್ಟು ಭಯ ಇಲ್ಲ. ಆದ್ರೆ ತಕರಾರು ಮುಗಿದಿದೆ ಅಂತ ಆ ಪಕ್ಕದ ಮನೆಯಾಕೆ ಎರಡು ಸಾಲು ಬರೆದು ಸಹಿ ಹಾಕಿಕೊಟ್ರೆ ನನ್ನ ಮೇಲಿನೋರು ಒಂದು ಪ್ರಶ್ನೇನೂ ಕೇಳಲ್ಲ. ಒಂದ್ನಿಮಿಷ ಇರಿ. ಹಳೇ ಕ್ರಯಪತ್ರ ನೋಡ್ತಿದೀನಿ, ಸಾವಿರದೊಂಬೈನೂರ ಮೂವತ್ನಾಲ್ಕರದ್ದು. ಅಕ್ಷರ ಹುಳ ಹರಿದ ಹಾಗಿದೆ. ಹಾಂ, ಸಿಕ್ತು. ಆ ಹಿತ್ತಲ ಗೋಡೆ ಇಬ್ಬರದ್ದೂ. ಇಬ್ಬರೂ ಸೇರಿ ನೋಡ್ಕೋಬೇಕು ಅಂತಿದೆ."

"ಇಬ್ಬರದ್ದೂನಾ?"

"ಇಬ್ಬರದ್ದೂ. ಮೊದಲ ದಿನದಿಂದ."

ಆ ಭಾನುವಾರ ರೊವೀನಾ ಹತ್ತೊಂಬತ್ತನೇ ನಂಬರಿನ ಬಾಗಿಲು ತಟ್ಟಿದಳು. ಐಲೀನ್ ಕುಳ್ಳಗಿನ, ದುಂಡು ಮುಖದ ಹೆಂಗಸು, ಎಪ್ಪತ್ತೆರಡು ವಯಸ್ಸು. ಏಪ್ರನಿಗೆ ಹಿಟ್ಟು ಮೆತ್ತಿತ್ತು. ರೊವೀನಾ ಹೆಸರು ಹೇಳುವ ಮೊದಲೇ, "ನೀನು ಬಸ್ಸಿನೋಳು," ಎಂದಳು. "ಹೋದ ಚಳಿಗಾಲ ಮಳೇಲಿ ನಾನು ಓಡಿ ಬರ್ತಿದ್ದಾಗ ನಿಲ್ಲಿಸಿದ್ದೆ. ಬೇರೆಯೋರು ನಿಲ್ಲಿಸಲ್ಲ. ಬಾ ಒಳಗೆ."

ಒಲೆಯಿಂದ ಆಗಷ್ಟೇ ತೆಗೆದ ಬನ್ನಿನಂಥ ಸ್ಕೋನ್‌ಗೆ ಬೆಣ್ಣೆ ಹಚ್ಚಿಕೊಡುತ್ತಾ ಅವಳು ತನ್ನ ಕಡೆಯ ಕಥೆ ಹೇಳಿದಳು. ನೀಲಿ ಬಣ್ಣದ ಮೇಲೆ ಅವಳಿಗೆ ಯಾವ ದ್ವೇಷವೂ ಇರಲಿಲ್ಲ. ನೆವಿಲ್ ಮತ್ತು ಕ್ಲಿಫರ್ಡ್ ಇಬ್ಬರೂ ಪ್ರತಿ ಬೇಸಿಗೆ ಸೂರ್ಯಕಾಂತಿ ಬೆಳೆಸುತ್ತಿದ್ದರು. ಗೋಡೆಯ ಈ ಕಡೆ ಒಂದು, ಆ ಕಡೆ ಒಂದು. ಯಾರದು ಎತ್ತರ ಎನ್ನುವುದು ಪಂದ್ಯ. ಆಗಸ್ಟ್ ಕೊನೆಗೆ ಅಳೆದು, ಗೆದ್ದವರ ಹೆಸರು, ವರ್ಷ, ಅಡಿ, ಅಂಗುಲ ಎಲ್ಲವನ್ನೂ ನೆವಿಲ್ ಕಪ್ಪು ಬಣ್ಣದಲ್ಲಿ ಗೋಡೆಯ ಎರಡೂ ಕಡೆ ಬರೆಯುತ್ತಿದ್ದ. ಇಪ್ಪತ್ತಾರು ಬೇಸಿಗೆಯ ಲೆಕ್ಕ.

"ಅವರ ಕೈಬರಹ ಅಂತ ನನ್ನ ಹತ್ರ ಏನಿತ್ತು ಹೇಳು? ಪತ್ರ ಬರೆಯೋ ಜಾತಿ ಅಲ್ಲ ಅವರು. ಕೆನಡಾದಿಂದ ಬಂದು ಹಿತ್ತಲ ಬಾಗಿಲು ತೆಗೀತೀನಿ, ಎಲ್ಲ ನೀಲಿ."

"ಕ್ಲಿಫರ್ಡ್ ಅವರಿಗೆ ಹೇಳಿದ್ರಾ ಇದನ್ನ?"

"ಹೇಳೋದೇನು? ಅವನೂ ಅಲ್ಲೇ ಇದ್ನಲ್ಲ ಇಪ್ಪತ್ತಾರು ವರ್ಷ."

ರೊವೀನಾ ಎರಡನೇ ಸ್ಕೋನ್ ಮುಗಿಸಿ, ಬಂದ ಕೆಲಸವನ್ನು ಹೇಳಿಬಿಟ್ಟಳು. ತಕರಾರು ಮುಗಿದಿದೆ ಎಂದು ಎರಡು ಸಾಲು ಬೇಕು.

"ಮುಗೀದೇ ಮುಗಿದಿದೆ ಅಂತ ಹೆಂಗೆ ಬರೀಲಿ?" ಎಂದಳು ಐಲೀನ್. "ಆ ಬಣ್ಣ ಕೆರೀಲಿ. ಅವನೇ ಕೆರೀಬೇಕು, ಕೂಲಿಯೋರಲ್ಲ. ಆಮೇಲೆ ನೋಡೋಣ."

ಇದನ್ನು ಕ್ಲಿಫರ್ಡ್‌ಗೆ ತಿಳಿಸಲು ಬರೇ ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ಅವನು ಕೇಳಿಸಿಕೊಂಡು, ಕಟ್ಟಿಟ್ಟ ಪೆಟ್ಟಿಗೆಗಳ ಕಡೆ ನೋಡಿ, "ಕೆರೆಯೋ ಕತ್ತಿ ಯಾವುದೋ ಪೆಟ್ಟಿಗೆಯಲ್ಲಿ ಹೋಗಿದೆ," ಎಂದ. ಗೋಡೆ ಇಬ್ಬರದ್ದೂ ಅಂತೆ ಎನ್ನುವುದನ್ನೂ ರೊವೀನಾ ಹೇಳಿದಳು. "ಹಾಗಾ," ಎಂದವನು ಪೆಟ್ಟಿಗೆಗಳನ್ನು ಬಿಚ್ಚತೊಡಗಿದ. ಏಳನೇ ಪೆಟ್ಟಿಗೆಯಲ್ಲಿ ಕತ್ತಿ ಸಿಕ್ಕಿತು.

ಮುಂದಿನ ಗುರುವಾರ ರೊವೀನಾಗೆ ರಜೆ. ಬೆಳಿಗ್ಗೆ ಒಂಬತ್ತಕ್ಕೆ ಬಂದಾಗ ಕ್ಲಿಫರ್ಡ್ ಹಳೆಯ ರೈಲ್ವೆ ಕೋಟು ಹಾಕಿಕೊಂಡು ಗೋಡೆಯ ಮುಂದೆ ಮಂಡಿಯೂರಿ ಕೂತಿದ್ದ. ಅವಳೂ ಒಂದು ಕತ್ತಿ ಹಿಡಿದಳು. ಹನ್ನೊಂದು ವರ್ಷ ಸಮುದ್ರದ ಗಾಳಿ ಕುಡಿದ ಬಣ್ಣ ಕೆಲವು ಕಡೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು, ಕೆಲವು ಕಡೆ ಹಟ ಹಿಡಿದು ಕೂತಿತ್ತು. ಪಕ್ಕದ ಮನೆಯ ಅಡುಗೆಮನೆಯ ಪರದೆ ಒಂದೆರಡು ಸಲ ಅಲುಗಿತು. ಹತ್ತೂವರೆಗೆ ಹಿತ್ತಲ ಬಾಗಿಲು ತೆರೆಯಿತು. ಐಲೀನ್ ತಂತಿಯ ಬ್ರಷ್ಷು ಹಿಡಿದು ಗೋಡೆ ಸುತ್ತಿ ಬಂದು ಅವರ ಪಕ್ಕ ನಿಂತಳು.

"ಹಂಗೆ ಅಡ್ಡಡ್ಡ ಕೆರೆದ್ರೆ ಗಾರೆನೂ ಕಿತ್ತು ಬರುತ್ತೆ," ಎಂದಳು. ಯಾರಿಗೆ ಹೇಳಿದಳೆಂದು ಗೊತ್ತಾಗದ ಹಾಗೆ, ಗೋಡೆಯನ್ನು ನೋಡುತ್ತಾ. ಹನ್ನೊಂದು ವರ್ಷದಲ್ಲಿ ಅದು ಮೊದಲ ಮಾತು.

"ಮೇಲಿಂದ ಕೆಳಕ್ಕಾ?" ಎಂದು ಕ್ಲಿಫರ್ಡ್ ಗೋಡೆಯನ್ನೇ ಕೇಳಿದ.

"ಮೇಲಿಂದ ಕೆಳಕ್ಕೆ. ಮೆಲ್ಲಗೆ."

ಮೂವರೂ ಕೆರೆದರು. ಮಧ್ಯಾಹ್ನದ ಹೊತ್ತಿಗೆ ಎರಡು ಮಾರು ಉದ್ದ ಗಾರೆ ಬಯಲಾಯಿತು. ಅಲ್ಲಿ ಏನೂ ಇರಲಿಲ್ಲ. ನೀಲಿಯ ಚಕ್ಕೆ ಎದ್ದಾಗ ಅದರ ಬೆನ್ನಿಗೆ ಅಂಟಿಕೊಂಡು ಕಪ್ಪೂ ಎದ್ದು ಬಂದಿತ್ತು. ಐಲೀನ್ ಒಂದು ಚಕ್ಕೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಮಗುಚಿ ನೋಡಿದಳು. ಕಪ್ಪು ಗೆರೆಯ ಒಂದು ಚೂರು. ಒಂಬತ್ತರ ಬಾಲವೋ ಏಳರ ಕಾಲೋ ಹೇಳಲಾಗದು. ಅಷ್ಟರಲ್ಲೇ ಅದೂ ಮುರಿದು ಪುಡಿಯಾಯಿತು.

ರೊವೀನಾಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಈ ಉಸಾಬರಿ ತನಗೆ ಬೇಕಿತ್ತೇ ಎನಿಸಿತು. ಬರೀ ಒಂದು ಮನೆ ಕೊಳ್ಳಲು ಹೊರಟವಳು ಇನ್ನೊಬ್ಬರ ಗೋಡೆ ಕೆರೆದು, ಗಾಯವನ್ನೂ ಕೆರೆದ ಹಾಗಾಯಿತಲ್ಲ.

"ನೆವಿಲ್ ಹೋದ್ಮೇಲೆ," ಎಂದು ಕ್ಲಿಫರ್ಡ್ ಕತ್ತಿ ಕೆಳಗಿಟ್ಟ. "ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಡ್ತಾ ಕಿಟಕಿಯಿಂದ ನೋಡಿದ್ರೆ ಆ ಬರಹ. ನನಗೆ ನೋಡೋಕೆ ಆಗ್ತಿರ್ಲಿಲ್ಲ ಐಲೀನ್."

"ನನಗೆ ನೋಡ್ಬೇಕಿತ್ತು," ಎಂದಳು ಅವಳು.

"ಕೇಳ್ಬೇಕಿತ್ತು ನಾನು."

"ಕೇಳ್ಬೇಕಿತ್ತು. ಆಮೇಲಾದ್ರೂ ಬಂದು ಹೇಳ್ಬೇಕಿತ್ತು."

"ಬಂದು ಬಾಗಿಲು ತಟ್ಟಿದೆ. ನೀನು ತೆಗೀಲಿಲ್ಲ."

"ಒಂದೇ ಸಲ ತಟ್ಟಿದ್ದು ನೀನು."

ಛಾವಣಿಯ ಮೇಲೆ ಒಂದು ಕಡಲ ಹಕ್ಕಿ ಕೂತು ಇವರನ್ನೇ ನೋಡುತ್ತಿತ್ತು. ಕ್ಲಿಫರ್ಡ್ ಬಯಲಾದ ಗಾರೆಯ ಎಡತುದಿಗೆ ಬೆರಳಿಟ್ಟ. "ಎಂಬತ್ತೇಳು. ಆರಡಿ ಒಂಬತ್ತಂಗುಲ, ನೆವಿಲ್," ಎಂದ. ಬೆರಳನ್ನು ಒಂದು ಗೇಣು ಈಚೆ ತಂದ. "ಎಂಬತ್ತೆಂಟು. ನಾನು, ಆರಡಿ ಹನ್ನೊಂದು. ಎಂಬತ್ತೊಂಬತ್ತು, ಗಾಳಿಗೆ ಎರಡೂ ಬಿದ್ದು ಹೋದ್ವು. ತೊಂಬತ್ತು, ನೆವಿಲ್, ಏಳಡಿ." ಒಂದೂ ತಡವರಿಸದೆ ಹೇಳುತ್ತಾ ಹೋದ, ರೈಲು ಬರುವ ಹೊತ್ತು ಹೇಳುವವನ ಹಾಗೆ. ಐಲೀನ್ ಏಪ್ರನಿನ ಅಂಚಿನಿಂದ ಕಣ್ಣೊರೆಸಿಕೊಂಡು ಕೇಳುತ್ತಿದ್ದಳು. "ತೊಂಬತ್ತೊಂದು, ನಾನು, ಏಳಡಿ ಎರಡಂಗುಲ."

"ಏನಂದೆ?" ಎಂದಳು ಐಲೀನ್. "ತೊಂಬತ್ತೊಂದು ನೆವಿಲಂದು."

"ಅಲ್ಲ ಕಣೇ. ಅವನ ಹೂವು ಬಾಗಿತ್ತು. ಬಾಗಿದ್ದನ್ನ ಕೈಯಲ್ಲಿ ಎತ್ತಿ ಹಿಡ್ಕೊಂಡು ಅಳೆದ."

"ಎತ್ತಿ ಹಿಡ್ಕೊಂಡಿದ್ದು ನಾನು. ಅದು ನಿಂತಾಗ ಅಷ್ಟೇ ಎತ್ತರ ಇತ್ತು."

"ನಿಂತಿರ್ಲಿಲ್ಲವಲ್ಲ ಅದು."

"ಹಿಂದಿನ ದಿನ ನಿಂತಿತ್ತು ಮಾರಾಯ."

ಈ ವಾದ ಊಟದ ಹೊತ್ತಿನವರೆಗೂ ನಡೆಯಿತು. ಊಟಕ್ಕೆ ಕ್ಲಿಫರ್ಡ್ ಮೀನು ಮತ್ತು ಚಿಪ್ಸು ತಂದ. ತಿನ್ನುವಾಗಲೂ ಅದೇ ವಾದ ಮುಂದುವರಿಯಿತು. ರೊವೀನಾ ವಿನೆಗರ್ ಸುರಿದುಕೊಂಡು ಸುಮ್ಮನೆ ತಿಂದಳು. ಇಬ್ಬರ ಮುಖವೂ ಕೆಂಪಾಗಿತ್ತು, ಇಬ್ಬರೂ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ತಟ್ಟೆ ತೊಳೆದಮೇಲೆ ಐಲೀನ್ ಒಂದು ಕಾಗದ ತಂದು ಬರೆದು, ಸಹಿ ಹಾಕಿ, ಮಡಿಸಿ ಕೊಟ್ಟಳು. ಕ್ಲಿಫರ್ಡ್ ಎರಡನೇ ಪ್ರಶ್ನೆಗೆ ಪೆನ್ನಿನಲ್ಲೇ "ಹೌದು, ಇತ್ತು" ಎಂದು ಬರೆದ. ಬರೆದಾದಮೇಲೆ ಪೆನ್ನಿನ ಮುಚ್ಚಳ ಹಾಕಿ, ಉಸಿರು ಬಿಟ್ಟ.

ಸೋಮವಾರ ಆರ್ಮರಾಡ್ ಸಾಹೇಬರು ಬಸ್ಸಿನ ಮುಂದಿನ ಸೀಟಿಗೆ ಮರಳಿದರು. "ಶುಭೋದಯ, ಕ್ಯಾಪ್ಟನ್. ಪರದೆ ಅಳತೆ ಸರಿ ಬಂತಾ?"

"ಬಂತು ಸರ್."

"ಸಂತೋಷ," ಎಂದು ಅವಳಿಗೂ ಒಂದು ಪೆಪ್ಪರ್‌ಮಿಂಟು ಕೊಟ್ಟರು.

ಏಳನೇ ಬೊಟ್ಟು ಹಸಿರಾಗುತ್ತದೆಂದು ಅವಳು ಗಳಿಗೆಗೊಮ್ಮೆ ಫೋನು ನೋಡಿದಳು. ಆಗಲಿಲ್ಲ. ಹತ್ತು ದಿನ ಕಳೆದಮೇಲೆ ಟ್ಯಾಮ್ಸಿನ್ ತಾನೇ ಫೋನು ಮಾಡಿದಳು. ದನಿಯಲ್ಲಿ ಸಂಕೋಚ.

"ಒಂದು ಸಣ್ಣ ವಿಷಯ. ಆ ಐಲೀನ್ ಅವರ ಕಾಗದ ಓದ್ತೀನಿ, ಕೇಳಿ. 'ಗೋಡೆಯ ವಿಷಯದಲ್ಲಿ ನನಗೂ ಗೋರ್ಸ್ಟ್‌ಗೂ ಇದ್ದ ತಕರಾರು ಮುಗಿದಿದೆ. ತೊಂಬತ್ತೊಂದರ ವಿಷಯ ಬೇರೆ.' ನನ್ನ ಮೇಲಿನೋರು ಈ ತೊಂಬತ್ತೊಂದರ ವಿಷಯ ಏನು ಅಂತ ಕೇಳ್ತಿದಾರೆ. ನಾನು ಎದುರು ಪಕ್ಷಕ್ಕೆ ಪ್ರಶ್ನೆ ಕಳಿಸ್ಲೇಬೇಕಾಯ್ತು."

"ಅದು ಸೂರ್ಯಕಾಂತಿ ಕಣಮ್ಮ."

"ನೀವು ಹೇಳಿದ್ರೆ ಆಗಲ್ಲ. ಅವರು ಬರೆದು ಕಳಿಸ್ಬೇಕು."

ಹೀಗೆ ಪ್ರೆಸ್ಟನ್‌ನಿಂದ ಮೋರ್ಕಮ್‌ಗೆ ಒಂದು ವಿಚಾರಣೆ ಹೋಯಿತು: ಸದರಿ ತೊಂಬತ್ತೊಂದನೇ ಇಸವಿಯ ವಿಷಯದ ಸ್ವರೂಪ, ವ್ಯಾಪ್ತಿ ಹಾಗೂ ಈಗಿನ ಸ್ಥಿತಿಯನ್ನು ದಯವಿಟ್ಟು ಸ್ಪಷ್ಟಪಡಿಸಬೇಕು. ಆರ್ಮರಾಡ್ ಸಾಹೇಬರು ಒಂದು ವಾರ ಯೋಚಿಸಿ ಟಪಾಲಿನಲ್ಲಿ ಉತ್ತರ ಕೊಟ್ಟರು: ಸದರಿ ವಿಷಯವು ಒಂದು ಹೂವಿನ ಗಿಡದ ಎತ್ತರಕ್ಕೆ ಸಂಬಂಧಿಸಿದ್ದು; ಗಿಡವು ಈಗ ಅಸ್ತಿತ್ವದಲ್ಲಿ ಇರುವುದಿಲ್ಲ; ಖರೀದಿದಾರರಿಗೆ ಇದರಿಂದ ಯಾವ ಹೊಣೆಯೂ ಬರುವುದಿಲ್ಲ. ಟ್ಯಾಮ್ಸಿನ್ ಅದನ್ನು ಫೋನಿನಲ್ಲಿ ಓದಿ ಹೇಳುವಾಗ ಎರಡು ಸಲ ನಿಲ್ಲಿಸಬೇಕಾಯಿತು. ಅವಳ ಸುತ್ತ ಕೂತವರೆಲ್ಲ ನಗುತ್ತಿದ್ದುದು ರೊವೀನಾಗೆ ಕೇಳಿಸಿತು. ಬ್ಯಾಂಕಿನವರು ಮಾತ್ರ ನಗಲಿಲ್ಲವಂತೆ. ಉತ್ತರವನ್ನು ಓದಿ, ತೃಪ್ತಿಕರ ಎಂದು ಮುದ್ರೆ ಒತ್ತಿದರು.

ಆಮೇಲೆ ಉಳಿದ ಬೊಟ್ಟುಗಳು ಒಂದರ ಹಿಂದೆ ಒಂದು ಹಸಿರಾದವು. ಆಗಸ್ಟ್ ಎರಡನೇ ಶುಕ್ರವಾರ ಮನೆ ಕೈಗೆ ಬರುವುದೆಂದು ಗೊತ್ತಾಯಿತು.

ಅಂದು ಬೆಳಿಗ್ಗೆ ಕ್ಲಿಫರ್ಡ್ ಸಾಮಾನಿನ ಲಾರಿಯ ಹಿಂದೆ ಡೋರೀನಳ ಕಾರಿನಲ್ಲಿ ಕೆಂಡಲ್‌ಗೆ ಹೊರಟುಹೋದ. ಡೋರೀನ್ ಐಲೀನಳನ್ನೂ ಮದುವೆಗೆ ಕರೆದಿದ್ದಳು. ಬರುತ್ತೇನೆ, ಆದರೆ ಅವನ ಪಕ್ಕದ ಮೇಜಿನಲ್ಲಿ ಕೂರಿಸಬೇಡ, ತಲೆ ತಿನ್ನುತ್ತಾನೆ ಅಂದಿದ್ದಳಂತೆ ಐಲೀನ್. ರೊವೀನಾ ಲಾಂಡ್ರಿಯ ಮುಂದೆ ನಾಲ್ಕು ಪೆಟ್ಟಿಗೆ, ಒಂದು ಮಂಚ, ಒಂದು ಸೋಫಾ ಇಟ್ಟುಕೊಂಡು, ಸ್ನೇಹಿತೆಯೊಬ್ಬಳ ವ್ಯಾನು ತರಿಸಿ ಕಾಯುತ್ತಾ ನಿಂತಳು. ಹನ್ನೊಂದಾಯಿತು. ಹನ್ನೆರಡಾಯಿತು. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣ ಎಲ್ಲೋ ದಾರಿಯಲ್ಲಿ ಕೂತಿದೆಯೆಂದು ಸುದ್ದಿ ಬಂತು. ಒಂದೂಕಾಲಿಗೆ ಫೋನು ರಿಂಗಾಯಿತು.

"ಆಯ್ತು," ಎಂದಳು ಟ್ಯಾಮ್ಸಿನ್. "ಮನೆ ನಿಮ್ಮದು. ಏಜೆಂಟ್ ಹತ್ರ ಬೀಗದ ಕೈ ಇಸ್ಕೊಳ್ಳಿ."

ರೊವೀನಾ ಥ್ಯಾಂಕ್ಸ್ ಅಂದಳು, ಇನ್ನೊಂದು ಸಲವೂ ಅಂದಳು.

"ಒಂದು ಕೇಳ್ಲಾ?" ಎಂದಳು ಟ್ಯಾಮ್ಸಿನ್. "ಬೀಗ ತೆಗೆದಮೇಲೆ ಒಂದು ಫೋನು ಮಾಡ್ತೀರಾ? ಮೂರು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ. ಸಾವಿರದ ಮೇಲೆ ಮನೆ ಕೊಡ್ಸಿದೀನಿ. ಒಂದನ್ನೂ ನೋಡಿಲ್ಲ. ಚರಂಡಿ ಎಲ್ಲಿ ಹೋಗುತ್ತೆ ಅಂತ ಗೊತ್ತು, ಗೋಡೆ ಯಾರದ್ದು ಅಂತ ಗೊತ್ತು. ಒಳಗೆ ಹೆಂಗಿರುತ್ತೆ ಅಂತ ಗೊತ್ತಿಲ್ಲ."

ಎರಡು ಗಂಟೆಯ ಹೊತ್ತಿಗೆ ರೊವೀನಾ ಬಾಗಿಲು ತೆರೆದು, ಒಳಗೆ ಕಾಲಿಟ್ಟು, ಫೋನು ಹಚ್ಚಿದಳು.

"ಹ್ಞಾಂ, ಒಳಗೆ ಬಂದೆ. ನಡುಮನೆ ಖಾಲಿ. ಮಾತಾಡಿದ್ರೆ ಮಾರ್ದನಿ ಬರ್ತಿದೆ, ಕೇಳ್ತಿದ್ಯಾ? ನೆಲದ ಮೇಲೆ ಬಿಸಿಲು ಬಿದ್ದಿದೆ, ಸೋಫಾ ಇದ್ದ ಜಾಗ ಮಾತ್ರ ಬೇರೆ ಬಣ್ಣ. ಅಡುಗೆಮನೆ ಕಟ್ಟೆ ಮೇಲೆ ಒಂದು ಚೀಟಿ ಇದೆ. ಬಿಸಿನೀರಿಗೆ ಯಾವ ಗುಂಡಿ ಎಷ್ಟು ತಿರುಗಿಸ್ಬೇಕು ಅಂತ ಚಿತ್ರ ಬರೆದಿಟ್ಟಿದಾನೆ ಮನುಷ್ಯ."

"ಕಿಟಕಿಯಿಂದ ಏನು ಕಾಣುತ್ತೆ?"

"ಹಿತ್ತಲು. ಐಲೀನ್ ಬಟ್ಟೆ ಒಣಗಿಸ್ತಿದಾಳೆ. ನಾನು ನೋಡ್ತಿದೀನಿ ಅಂತ ಗೊತ್ತು, ನೋಡದ ಹಾಗಿದಾಳೆ."

ಟ್ಯಾಮ್ಸಿನ್‌ಳ ಹಿಂದೆ ಎಲ್ಲೋ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಬಡಿದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಅವಳು ಎತ್ತಲಿಲ್ಲ.

"ಮೇಲೆ?" ಎಂದಳು. "ಮೇಲಿನ ಕೋಣೆ ಹೆಂಗಿದೆ?"

"ತಡಿ," ಎಂದು ರೊವೀನಾ ಮೆಟ್ಟಿಲು ಹತ್ತತೊಡಗಿದಳು.